ದೊಡ್ಡ ಅಳಿಯನ ಡಾರ್ಕ್ ಮೋಡ್

ವೆಬ್‌ಸೈಟಿನ ಬಣ್ಣ ಬದಲಿಸುವುದು ಮನೆಗೆ ಸುಣ್ಣ ಬಳಿಯುವಷ್ಟೂ ಕಷ್ಟವಲ್ಲ ಎಂದು ನನ್ನ ವೆಬ್‌ಸೈಟಿನಲ್ಲಿ ನಾನೇ ಬರೆದಿದ್ದೆ. ಏಣಿ ಬೇಡ, ಕುಂಚ ಬೇಡ, ಮೈಮೇಲೆ ಸಿಡಿಯುವುದಿಲ್ಲ, ಮನಸ್ಸಿಗೆ ಬಾರದಿದ್ದರೆ ಒಂದು ಗುಂಡಿ ಒತ್ತಿದರೆ ಸಾಕು, ಮೊದಲಿನ ಬಣ್ಣ ವಾಪಸ್. ಈ ಮಾತು ನಂಬಿ ಯಾರಾದರೂ ಧೈರ್ಯ ಮಾಡಿದ್ದರೆ ಅವರಲ್ಲಿ ಈ ಮೂಲಕ ಕ್ಷಮೆ ಕೋರುತ್ತೇನೆ.

ನಾನು ಕುಷ್ಟಗಿಯಲ್ಲಿ ದನದ ದವಾಖಾನೆಯ ನೌಕರ. ಹಗಲೆಲ್ಲ ಎಮ್ಮೆ, ಆಕಳು, ಕುರಿಗಳಿಗೆ ಲಸಿಕೆ ಹಾಕುವ ಕೆಲಸ. ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಮಾತ್ರ ನಾನು ತಂತ್ರಜ್ಞಾನದ ಪಂಡಿತ. ‘ಕುಷ್ಟಗಿ ಮೊಬೈಲ್ ವಾರ್ತೆ’ ಎಂಬ ನನ್ನ ಸೈಟಿನಲ್ಲಿ ಹೊಸ ಫೋನುಗಳ ಸುದ್ದಿ ಬರೆಯುತ್ತೇನೆ. ಯಾವುದರ ಕ್ಯಾಮೆರಾ ಛಲೋ, ಯಾವುದರ ಬ್ಯಾಟರಿ ಸಂಜೆತನಕ ಬಾಳುತ್ತದೆ, ಯಾವುದು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ, ಎಲ್ಲವನ್ನೂ ಖಚಿತವಾಗಿ ತಿಳಿಸುತ್ತೇನೆ. ಹೀಗೆ ಬರೆದ ಫೋನುಗಳಲ್ಲಿ ಒಂದನ್ನೂ ನಾನು ಮುಟ್ಟಿ ನೋಡಿಲ್ಲ ಎಂಬುದು ಬೇರೆ ಮಾತು. ನನ್ನ ಓದುಗರೂ ಅವನ್ನು ಕೊಳ್ಳುವವರಲ್ಲ. ಹೀಗಾಗಿ ನಮ್ಮ ನಡುವೆ ಎಂದೂ ತಕರಾರು ಬಂದಿಲ್ಲ.

ಓದುಗರೆಂದರೆ ಬಹುತೇಕ ನಮ್ಮ ಬಳಗದವರೇ. ಮೊಬೈಲಿನಲ್ಲಿರುವ ಬಳಗದ ಗುಂಪಿಗೆ ಪ್ರತಿ ಬರಹದ ಲಿಂಕ್ ಕಳಿಸುತ್ತೇನೆ. ಒಬ್ಬಿಬ್ಬರು ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಓದಿ ಎತ್ತಿದಿರೋ, ಓದದೆ ಎತ್ತಿದಿರೋ ಎಂದು ಕೇಳುವಷ್ಟು ದಡ್ಡ ನಾನಲ್ಲ.

ಆ ವಾರ ನನ್ನ ನಾದಿನಿ ಸುವರ್ಣಾಳ ನಿಶ್ಚಯ ಇತ್ತು. ಸುವರ್ಣಾ ನನ್ನ ಹೆಂಡತಿ ಗಿರಿಜೆಯ ತಂಗಿ; ತವರು ಯಲಬುರ್ಗಾ. ಅವಳಿಗೆ ಗಂಡು ಹುಡುಕುವುದರಲ್ಲಿ ಮಾವನವರ ಎರಡು ಜೊತೆ ಚಪ್ಪಲಿ ಸವೆದಿದ್ದವು. ಒಂದು ಕಡೆ ಎಲ್ಲ ಕೂಡಿ ಬಂದ ಮೇಲೆ ಹುಡುಗನ ಸೋದರಮಾವ ಮುನಿಸಿಕೊಂಡ. ಇನ್ನೊಂದು ಕಡೆ ಹೋಳಿಗೆ ಊಟದ ತನಕ ಬಂದ ಮಾತು ಎಲೆ ಎತ್ತುವಷ್ಟರಲ್ಲಿ ಮುರಿಯಿತು. ಕೊನೆಗೆ ಗಂಗಾವತಿಯ ಕಡೆಯ ಭತ್ತದ ಗದ್ದೆಯವರ ಮನೆಯ ಹುಡುಗ ಒಪ್ಪಿದ, ಸುವರ್ಣಾ ಅದಕ್ಕಿಂತ ಬೇಗ ಒಪ್ಪಿದಳು. ಸೋಮವಾರ ಯಲಬುರ್ಗಾದಲ್ಲಿ ನಿಶ್ಚಯ ಎಂದಾಯಿತು. ಮಾವನವರು ಫೋನ್ ಮಾಡಿ, “ಅಳಿಯಾರ, ಈ ಸಲ ಏನೂ ಕೆಡಬಾರ್ದ್ರಿ. ನೀವ ಮುಂದ ನಿಂತು ಮಾಡಸಬೇಕು,” ಎಂದರು. ಏನೂ ಕೆಡುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಅದರ ಜೊತೆಗೇ ಅವರು ಇನ್ನೊಂದು ಮಾತು ಹೇಳಿದರು. ಹುಡುಗನಿಗೆ ಮೊಬೈಲಿನ ಹುಚ್ಚು ಭಾಳ. ದೊಡ್ಡ ಅಳಿಯಂದಿರು ಮೊಬೈಲ್ ಬಗ್ಗೆ ಬರೆಯುತ್ತಾರೆ ಎಂದು ಕೇಳಿ, ನೋಡಬೇಕು ಎಂದಿದ್ದನಂತೆ. ಬೀಗರನ್ನೆಲ್ಲ ಆಗಲೇ ಬಳಗದ ಗುಂಪಿಗೆ ಸೇರಿಸಿದ್ದೂ ಆಗಿತ್ತು. ಇಷ್ಟು ವರ್ಷಕ್ಕೆ ನನ್ನ ಸೈಟನ್ನು ತಾನಾಗಿ ಕೇಳಿಕೊಂಡು ಬಂದ ಮೊದಲ ಓದುಗ! ಅವನ ಕಣ್ಣಿಗೆ ಹಳೆಯ ಸೈಟು ಬೀಳಬಾರದೆಂದು ಭಾನುವಾರ ಊಟವಾದ ಕೂಡಲೇ ಕಂಪ್ಯೂಟರಿನ ಮುಂದೆ ಕುಳಿತೆ.

ಮೊದಲು ಬಣ್ಣ. ಈಗ ದೊಡ್ಡ ದೊಡ್ಡ ಸೈಟುಗಳೆಲ್ಲ ಡಾರ್ಕ್ ಮೋಡ್, ಕಣ್ಣಿಗೆ ತಂಪು. ಒಂದು ಗುಂಡಿ ಒತ್ತಿದೆ, ಸೈಟಿಗೆ ಸೈಟೇ ಕಪ್ಪಾಯಿತು. ತಲೆಭಾಗದಲ್ಲಿ ಸಂಪಾದಕರ ಭಾವಚಿತ್ರ ಇದ್ದರೆ ಗೌರವ ಎಂದು, ನೌಕರಿಗೆ ಸೇರುವಾಗ ತೆಗೆಸಿದ ಫೋಟೊ ಹಾಕಿದೆ. ಹಣೆಯಲ್ಲಿ ವಿಭೂತಿ, ಮುಖದಲ್ಲಿ ನಗು ಇಲ್ಲ. ಅಂಗಿಯ ಹಳದಿ ಬಣ್ಣ ಕಪ್ಪಿಗೆ ಹೊಂದಲಿಲ್ಲವಾದ್ದರಿಂದ ಫೋಟೊವನ್ನು ಕಪ್ಪು ಬಿಳುಪು ಮಾಡಿದೆ. ಚೌಕ ಫೋಟೊ ಹಳೆಯ ಕಾಲದ್ದು ಎನಿಸಿ ಮೊಟ್ಟೆಯಾಕಾರಕ್ಕೆ ಕತ್ತರಿಸಿದೆ. ಆಗ ಸುತ್ತಲೂ ಬರಿದೋ ಬರಿದು ಕಂಡಿತು. ಪುಕ್ಕಟೆ ಸಿಗುವ ಅಲಂಕಾರಗಳಲ್ಲಿ ಚೆಂಡುಹೂವಿನ ಅಂಚು ಒಂದಿತ್ತು, ಅದನ್ನು ಫೋಟೊಕ್ಕೆ ಸುತ್ತಿದೆ. ದೀಪಾವಳಿಗೆಂದು ಇಳಿಸಿಕೊಂಡಿದ್ದ ಅಲುಗಾಡುವ ದೀಪಗಳಿದ್ದವು, ಎಡಕ್ಕೊಂದು ಬಲಕ್ಕೊಂದು ಇಟ್ಟೆ. ಸೈಟು ಶುರುವಾದ ವರ್ಷ, ಒಂದು ಅಡ್ಡಗೆರೆ, ಈ ವರ್ಷ, ಇದು ಎಲ್ಲ ಸೈಟುಗಳ ಅಡಿಯಲ್ಲೂ ಇರುತ್ತದೆ. ನಾನು ಅದನ್ನು ಎತ್ತಿ ಫೋಟೊದ ಕೆಳಗೆ ತಂದೆ. ಕೊನೆಗೆ, ಇದು ಒಬ್ಬನೇ ನಡೆಸುವ ಸೈಟು ಎಂದು ಹುಡುಗನಿಗೆ ಅನಿಸಬಾರದಲ್ಲ? ‘ನಮ್ಮ ತಂಡ’ ಎಂಬ ಹೆಸರಿನಲ್ಲಿ ಗಿರಿಜೆ, ನನ್ನ ಇಬ್ಬರು ಮಕ್ಕಳು, ಮಾವನವರು, ಅತ್ತೆಯವರು, ಎಲ್ಲರ ಹೆಸರನ್ನೂ ಸಾಲಾಗಿ ಬರೆದು, ‘ಹಾಗೂ ಬಂಧು ಮಿತ್ರರು’ ಎಂದು ಮುಗಿಸಿದೆ.

ದೂರ ನಿಂತು ನೋಡಿದೆ. ಘನತೆ ಎಂದರೆ ಇದು!

ಲಿಂಕನ್ನು ಬಳಗದ ಗುಂಪಿಗೆ ಕಳಿಸಿದೆ. ಲಿಂಕ್ ಕಳಿಸಿದರೆ ಅದರ ಜೊತೆ ಸೈಟಿನ ತಲೆಭಾಗದ ಚಿತ್ರ ತಾನಾಗಿ ಮೂಡುತ್ತದೆ. ಬಹಳ ಜನ ಅಷ್ಟನ್ನೇ ನೋಡುತ್ತಾರೆ, ಒಳಗೆ ಹೋಗುವುದಿಲ್ಲ. ಇದು ನನಗೆ ಗೊತ್ತಿತ್ತು, ಅದಕ್ಕೇ ತಲೆಭಾಗಕ್ಕೆ ಅಷ್ಟು ಕಷ್ಟಪಟ್ಟಿದ್ದೆ.

ಅದೇ ಹುರುಪಿನಲ್ಲಿ ನನ್ನ ಫೋನಿಗೆ ಬಾಕಿ ಇದ್ದ ಸಾಫ್ಟ್‌ವೇರ್ ಅಪ್‌ಡೇಟ್ ಹಚ್ಚಿದೆ. ಅದು ನಡೆಯುವಾಗ ಫೋನ್ ಬಂದ್ ಆಗಿರುತ್ತದೆ. ಇರಲಿ ಎಂದು ಗಿರಿಜೆಯ ಫೋನನ್ನೂ ಪಕ್ಕದಲ್ಲಿಟ್ಟು ಅದಕ್ಕೂ ಹಚ್ಚಿದೆ. ನಾಳೆಯ ಸೀರೆಗೆ ತೊಡುವ ಜಂಪರಿನ ಬಣ್ಣದ ಬಗ್ಗೆ ತಾಯಿಯ ಜೊತೆ ಮಾತಾಡಬೇಕು, ಫೋನ್ ಕೊಡಿ ಎಂದು ಅವಳು ಬಂದಳು. ನಡುವೆ ಮುಟ್ಟಿದರೆ ಫೋನೇ ಹೋಗುತ್ತದೆ ಎಂದು ತಿಳಿಹೇಳಿ ಕಳಿಸಿದೆ. ಸಂಜೆಯಾದರೂ ಅಪ್‌ಡೇಟು ಮುಗಿಯುವ ಲಕ್ಷಣ ಕಾಣಲಿಲ್ಲ. ಚಹಾ ಹಿಡಿದು ಕಟ್ಟೆಯ ಮೇಲೆ ಕುಳಿತೆ.

ಎದುರುಮನೆಯ ಶಾಂತಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹಿಂದೆ ಓಣಿಯ ನಾಲ್ಕಾರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದದ್ದು ಕಂಡಿತು. ಯಾರ ಮನೆಯಲ್ಲೋ ಏನೋ ಆಗಿರಬೇಕೆಂದು ಮರುಗಿದೆ. ಶಾಂತಕ್ಕ ನಮ್ಮ ಮೆಟ್ಟಿಲ ಹತ್ತಿರ ಬಂದವಳು ನನ್ನನ್ನು ನೋಡಿ ನಿಂತುಬಿಟ್ಟಳು. ನನ್ನ ಮುಖ ನೋಡಿದಳು, ಕೈಯಲ್ಲಿನ ಚಹಾದ ಕಪ್ಪು ನೋಡಿದಳು.

“ಚಾ ಕುಡಿಯಾಕತ್ತೀರೇನ್ರಿ?” ಎಂದಳು. ಆ ಹಕ್ಕು ನನಗಿಲ್ಲ ಎಂಬಂತಿತ್ತು ದನಿ.

ಅವಳ ತಂಗಿಯನ್ನು ಕೊಟ್ಟದ್ದು ಯಲಬುರ್ಗಾಕ್ಕೆ, ನಮ್ಮ ಮಾವನವರ ಓಣಿಗೇ. ಆ ತಂಗಿ ಫೋನ್ ಮಾಡಿ ಅತ್ತಿದ್ದಳಂತೆ. ಯಾರು ಹೋದದ್ದು ಎಂದು ನಾನು ಕೇಳಿದರೆ ಶಾಂತಕ್ಕ ಬಾಯಿ ಬಿಡಲೊಲ್ಲಳು. ಸತ್ತವನಿಗೇ ಸುದ್ದಿ ಮುಟ್ಟಿಸುವ ಸಂದರ್ಭ ಅವಳಿಗೂ ಅದೇ ಮೊದಲು.

ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಇಳಿದವರು ಮಾವನವರು. ತಲೆಗೆ ಟವೆಲ್, ಕೈಯಲ್ಲಿ ದಪ್ಪನೆಯ ಹೂವಿನ ಹಾರ. ನಾಳೆಯ ನಿಶ್ಚಯಕ್ಕೆ ದೊಡ್ಡ ಅಳಿಯನನ್ನು ಇಷ್ಟು ಮರ್ಯಾದೆಯಿಂದ ಕರೆಯಲು ಬಂದರಲ್ಲ ಎಂದು ನನ್ನ ಎದೆ ತುಂಬಿಬಂತು. ಎದ್ದು ನಿಂತು ಬರ್ರಿ ಮಾವಾರ ಎಂದೆ. ಮಾವನವರು ಬಾಗಿಲಲ್ಲೇ ಕುಸಿದು ಕುಳಿತರು.

ಒಳಗಿನಿಂದ ಓಡಿಬಂದ ಗಿರಿಜೆ, ಅಪ್ಪ ಅಳುವುದನ್ನು ನೋಡಿ ಯಾಕೆ ಏನು ಎಂದು ಕೇಳದೆ ತಾನೂ ಅಳಲು ಶುರು ಮಾಡಿದಳು. ಓಣಿಯ ಹೆಂಗಸರು ಬಂದದ್ದು ಸಾರ್ಥಕವಾಗಲಿ ಎಂದು ತಾವೂ ಕೂಡಿಕೊಂಡರು. ಅಳದೆ ನಿಂತಿದ್ದವನು ನಾನೊಬ್ಬನೇ. ಕೊನೆಗೆ ಜೀಪಿನ ಡ್ರೈವರ್ ಮಾವನವರ ಫೋನು ತೆಗೆದು ನನ್ನ ಮುಂದೆ ಹಿಡಿದ. ಕಪ್ಪು ಹಿನ್ನೆಲೆ, ಮೊಟ್ಟೆಯಾಕಾರದ ಫೋಟೊ, ಹೂವಿನ ಹಾರ, ಎರಡು ದೀಪ, ಕೆಳಗೆ ವರ್ಷಗಳು, ಅದರ ಕೆಳಗೆ ಬಂಧು ಮಿತ್ರರು. ನಮ್ಮೂರ ಸರ್ಕಲ್ಲಿನಲ್ಲಿ ಕಟ್ಟುವ ಶ್ರದ್ಧಾಂಜಲಿಯ ಬ್ಯಾನರಿಗೂ ಅದಕ್ಕೂ ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ. ವರ್ಷಗಳ ಲೆಕ್ಕ ಹಿಡಿದರೆ ನಾನು ಮೀಸೆ ಬಂದ ನಾಲ್ಕು ವರ್ಷದ ಕೂಸು. ದುಃಖದಲ್ಲಿ ಯಾರು ಲೆಕ್ಕ ಹಾಕುತ್ತಾರೆ?

ನನ್ನ ನಂಬರಿನಿಂದಲೇ ಬಂದಿದೆಯಲ್ಲ, ಸತ್ತವನು ಹೇಗೆ ಕಳಿಸಿಯಾನು ಎಂದು ನಾನು ವಾದ ಹೂಡಿದೆ. ಮನೆಯವರು ಕಳಿಸಿರುತ್ತಾರೆ ಎಂದುಕೊಂಡರಂತೆ, ಅಂಥ ಹೊತ್ತಿನಲ್ಲಿ ಹಾಗೆಯೇ ಮಾಡುವುದು. ಫೋನ್ ಹಚ್ಚಿದರೆ ಇಬ್ಬರದೂ ಬಂದ್. ಇನ್ನೇನು ಅನುಮಾನ ಉಳಿಯಿತು?

ಮಾವನವರು ಕಣ್ಣೊರೆಸಿಕೊಂಡು ಎದ್ದರು. ಕೈಯಲ್ಲಿನ ಹಾರವನ್ನು ಹಿಂದಕ್ಕೂ ಒಯ್ಯಲಾರದೆ, ಕೆಳಗೂ ಇಡಲಾರದೆ ನನ್ನ ಹತ್ತಿರ ಬಂದರು. “ತಂದದ್ದು ನಿಮಗ ಐತಿ. ಹಾಕ್ಕೋರಿ,” ಎಂದು ಕೊರಳಿಗೆ ಹಾಕಿದರು. ಅವರಿಗೆ ನನ್ನ ಮೇಲೆ ಇಷ್ಟು ಜೀವ ಎಂದು ನನಗೆ ತಿಳಿದಿರಲಿಲ್ಲ. ನಾಚಿಕೆಯಾಯಿತು. ಆದರೆ ಆ ನಾಚಿಕೆಯನ್ನು ಪೂರ್ತಿ ಅನುಭವಿಸಲು ಮಾವನವರು ಬಿಡಲಿಲ್ಲ. ಹೊರಡುವ ಮುಂಚೆ ಬೀಗರಿಗೆ ಫೋನ್ ಮಾಡಿ ನಿಶ್ಚಯ ನಿಲ್ಲಿಸಿಬಿಟ್ಟಿದ್ದರಂತೆ.

ಗಿರಿಜೆಯ ಅಳು ಸರಕ್ಕನೆ ನಿಂತಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಾವನವರು ಅಲ್ಲಿಂದಲೇ ಬೀಗರಿಗೆ ಫೋನ್ ಹಚ್ಚಿದರು. ಅಳಿಯಂದಿರು ಬದುಕಿದ್ದಾರೆ, ನಾಳೆಯ ಕಾರ್ಯ ನಡೆಸೋಣ ಎಂದರು. ಹುಡುಗನ ತಂದೆ ಸಭ್ಯರು. ಬಿಡಿಸಿ ಹೇಳಲಿಲ್ಲ. ಮನೆಯಲ್ಲಿ ಇಂಥದ್ದಾದಾಗ ನಾಲ್ಕು ದಿನ ಮುಚ್ಚಿಟ್ಟು ಶುಭಕಾರ್ಯ ಮುಗಿಸಿಕೊಳ್ಳುವವರೂ ಇರುತ್ತಾರೆ, ಅದು ಒಳ್ಳೆಯದಲ್ಲ ಎಂದು ಮಾತ್ರ ಅಂದರಂತೆ. ಮಾವನವರ ಮುಖ ಬಿಳಿಚಿಕೊಂಡಿತು. ಮೂರನೆಯ ಸಂಬಂಧವೂ ಮುರಿಯುವ ಹಾದಿಯಲ್ಲಿತ್ತು, ಅದೂ ನನ್ನ ಅಲಂಕಾರದ ಹುಚ್ಚಿನಿಂದ.

ಈಗ ತಂತ್ರಜ್ಞಾನವೇ ನನ್ನನ್ನು ಕಾಪಾಡಬೇಕಿತ್ತು. ಸೈಟನ್ನು ಬಿಳಿ ಮಾಡಿದೆ. ಹಾರ, ದೀಪ ಎಲ್ಲ ಕಿತ್ತೆ. ಅಷ್ಟರಲ್ಲಿ ನನ್ನ ಫೋನಿಗೂ ಜೀವ ಬಂದಿತ್ತು. ಸೈಟಿನಲ್ಲಿ ‘ನಾನು ಬದುಕಿದ್ದೇನೆ’ ಎಂದು ದೊಡ್ಡದಾಗಿ ಬರೆದು ಲಿಂಕನ್ನು ಮತ್ತೆ ಗುಂಪಿಗೆ ಕಳಿಸಿದೆ. ಒಮ್ಮೆ ಮೂಡಿದ ಚಿತ್ರವನ್ನು ಫೋನು ನೆನಪಿಟ್ಟುಕೊಂಡು ಮತ್ತೆ ಅದನ್ನೇ ತೋರಿಸುತ್ತದೆ ಎಂದು ನಾನೇ ಒಂದು ಬರಹದಲ್ಲಿ ಎಚ್ಚರಿಸಿದ್ದೆ. ನನ್ನ ಬರಹ ನಾನೂ ಸರಿಯಾಗಿ ಓದುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಹಾರ ಹಾಕಿದ ಫೋಟೊ ಎರಡನೇ ಸಲ ಎಲ್ಲರ ಫೋನಿಗೂ ಹೋಯಿತು. ಕೆಲವರು ದಿನಕರ್ಮದ ಕರೆ ಎಂದು ತಿಳಿದು ಎಂದಿಗೆ, ಎಲ್ಲಿ ಎಂದು ಕೇಳಿದರು.

ಬರೆದರೆ ನಂಬುವುದಿಲ್ಲ, ದನಿ ಕೇಳಿದರೆ ನಂಬುತ್ತಾರೆಂದು ನಾನು ಮಾತಾಡಿದ ದನಿಯನ್ನೇ ಗುಂಪಿಗೆ ಕಳಿಸಿದೆ. ಕುಕನೂರಿನ ಚಿಕ್ಕಪ್ಪನಿಂದ ಉತ್ತರ ಬಂತು: “ಧ್ವನಿ ಕೇಳಿ ಕಣ್ಣಾಗ ನೀರು ಬಂದ್ವು. ಪಾಪ, ಯಾವಾಗ ರೆಕಾರ್ಡ್ ಮಾಡಿ ಇಟ್ಟಿದ್ದನೋ!”

ಸೈಟಿಗೆ ಹೋಗಿ ನೋಡಿದರೆ ಜಾತ್ರೆಯಷ್ಟು ಜನ. ಬಂದವರೆಲ್ಲ ಬರಹದ ಕೆಳಗೆ ಕೈಮುಗಿದು ಹೋಗಿದ್ದರು. ಸರಳ ಜೀವಿ, ದನಗಳ ಮೇಲೆ ಬಲು ಪ್ರೀತಿ, ಯಾರ ಉಸಾಬರಿಗೂ ಹೋದವನಲ್ಲ, ಹೀಗೆ ಬದುಕಿದ್ದಾಗ ಯಾರೂ ಆಡದ ಮಾತುಗಳು. ಮೊಬೈಲಿನ ಬಗ್ಗೆ ಚೆನ್ನಾಗಿ ಬರೆಯುತ್ತಿದ್ದ ಎಂದು ಮಾತ್ರ ಒಬ್ಬನೂ ಬರೆದಿರಲಿಲ್ಲ. ನಾನು ಬರೆದ ಫೋನಿನ ಸುದ್ದಿಯನ್ನು ನಿಜವಾಗಿ ಓದಿದ್ದವನು ಯಾವನೋ ಒಬ್ಬ ಅಪರಿಚಿತ: ‘ಆತ್ಮಕ್ಕೆ ಶಾಂತಿ ಸಿಗಲಿ. ಈ ಫೋನಿಗೆ ಎರಡು ಸಿಮ್ ಹಾಕಬಹುದೆ?’

ಕಡೆಗೆ ಮಾವನವರೇ ಒಂದು ದಾರಿ ಕಂಡುಕೊಂಡರು. ಬೀಗರಿಗೆ ಮತ್ತೆ ಫೋನ್ ಮಾಡಿ, ನೀವು ಬನ್ನಿ, ಅಳಿಯಂದಿರನ್ನು ಕಣ್ಣಾರೆ ನೋಡಿ, ಆಮೇಲೆ ಕಾರ್ಯ ಮಾಡುವುದೋ ಬಿಡುವುದೋ ಹೇಳಿ ಎಂದರು. ಅವರು ಹೂಂ ಅಂದರು.

ಮರುದಿನ ಯಲಬುರ್ಗಾದಲ್ಲಿ ನನ್ನನ್ನು ಓಣಿಯ ಬಾಯಿಗೇ ನಿಲ್ಲಿಸಲಾಯಿತು. ಸುಮ್ಮನೆ ನಿಲ್ಲಬಾರದು, ಆಗಾಗ ಓಡಾಡುತ್ತಿರಬೇಕು, ಬೀಗರು ಬಂದಾಗ ಗಟ್ಟಿಯಾಗಿ ಮಾತಾಡಬೇಕು ಎಂದು ಗಿರಿಜೆಯ ಆಜ್ಞೆ. ಹಳದಿ ಅಂಗಿ, ಕೆಂಪು ಶಲ್ಯ. ಕಪ್ಪು ಬಣ್ಣದ ಒಂದು ಎಳೆಯೂ ಮೈಮೇಲೆ ಇರಲಿಲ್ಲ. ಸುವರ್ಣಾ ಮಹಡಿಯ ಕಿಟಕಿಯಿಂದ ನೋಡುತ್ತಿದ್ದಳು. ರಾತ್ರಿಯೆಲ್ಲ ಅತ್ತು ಅವಳ ಕಣ್ಣು ಊದಿದ್ದವು. ನಾನು ಆ ಕಿಟಕಿಯ ಕಡೆ ತಲೆ ಎತ್ತಲಿಲ್ಲ.

ಬೀಗರ ಗಾಡಿ ಬಂತು. ಮೊದಲು ಇಳಿದದ್ದು ಹುಡುಗನ ಅಜ್ಜಿ. ಸೀದಾ ನನ್ನ ಹತ್ತಿರ ಬಂದು, ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಚಿವುಟಿದರು. ನಾನು ಹಾ ಎಂದು ಕೂಗಿದೆ. ಅಜ್ಜಿ ಹಿಂದೆ ತಿರುಗಿ, “ಅದಾನ, ಅದಾನ, ಇಳೀರಿ,” ಎಂದರು. ಆಮೇಲೆ ಗಾಡಿಯಲ್ಲಿದ್ದವರೆಲ್ಲ ಇಳಿದರು. ಅಜ್ಜಿ ನನ್ನ ಕೆನ್ನೆ ಸವರಿ, ಸುಳ್ಳುಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚಾಗುತ್ತದೆ ಎಂದು ಹರಸಿದರು. ಗಿರಿಜೆ ಪಕ್ಕದಲ್ಲೇ ನಿಂತಿದ್ದಳು. ಹಾಗಾದರೆ ಇನ್ನೂ ಬಹಳ ವರ್ಷ ಇವರ ಸೈಟು ನಡೆಯುತ್ತದಲ್ಲ ಎಂದು ಅವಳು ಗೊಣಗಿದ್ದು ನನಗೊಬ್ಬನಿಗೇ ಕೇಳಿಸಿತು.

ಎಲ್ಲರೂ ಜಮಖಾನೆಯ ಮೇಲೆ ಕುಳಿತೆವು. ಎಲೆ ಅಡಿಕೆಯ ತಟ್ಟೆ ನಡುವೆ ಬಂತು. ಪದ್ಧತಿಯಂತೆ ಮಾವನವರು ಕೈಮುಗಿದು, ನಿಮ್ಮ ಕಡೆಯಿಂದ ಕೊಡುವುದು, ಬಿಡುವುದು, ನಡೆಸಿಕೊಡಬೇಕಾದ ಮಾತು ಏನಿದ್ದರೂ ಈಗಲೇ ಹೇಳಿ ಎಂದರು. ಹಿಂದಿನ ಎರಡೂ ಸಂಬಂಧ ಮುರಿದದ್ದು ಇಂಥ ಮಾತು ಬಂದ ಮೇಲೆಯೇ. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು. ಮಾವನವರ ಕೈ ಮುಗಿದಂತೆಯೇ ಉಳಿದಿತ್ತು. ಒಳಬಾಗಿಲಲ್ಲಿ ಬಳೆಗಳ ಸದ್ದೂ ನಿಂತಿತು.

“ನಮ್ಮದೇನೂ ಬೇಡಿಕಿ ಇಲ್ರಿ,” ಎಂದರು ಅವರು. “ಒಂದ ಮಾತು ನಡಸಿಕೊಡ್ರಿ. ಲಗ್ನಪತ್ರಿಕಾ ನಿಮ್ಮ ದೊಡ್ಡ ಅಳಿಯಾರ ವೆಬ್‌ಸೈಟಿನ್ಯಾಗ ಮಾತ್ರ ಹಾಕಬ್ಯಾಡ್ರಿ.”

ಬಿಳಿ ಹಿನ್ನೆಲೆಯಲ್ಲಿ ಹಾಕುತ್ತೇನೆ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವ, ಅತ್ತೆ, ಸುವರ್ಣಾ, ಪಕ್ಕದ ಮನೆಯವರು, ಎಲ್ಲರೂ ಒಂದೇ ದನಿಯಲ್ಲಿ ಆತ್ರಿ ಎಂದು ಒಪ್ಪಿ ಆಗಿತ್ತು. ಎಲ್ಲರಿಗಿಂತ ಮೊದಲು ಒಪ್ಪಿದವಳು ಗಿರಿಜೆ.