ಹೊಗೆ ಬಾರದ ಶೇಗಡಿ

ಕಬ್ಬಿಣಕ್ಕೆ ಕಾವು ಕೊಟ್ಟರೆ ಬಾಗುತ್ತದೆ, ಅದು ಗೊತ್ತಿದ್ದದ್ದೇ. ಮನುಷ್ಯನ ಕೈಗೆ ಹೊಸ ಸಾಮಾನು ಕೊಟ್ಟರೆ ಏನು ಮಾಡುತ್ತಾನೆ ಎಂಬುದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಬೈಲಹೊಂಗಲದಲ್ಲಿ ಕಂಬಾರಿಕೆ ಮಾಡಿಕೊಂಡಿದ್ದ ನನಗೆ ಇಂಥದೊಂದು ಮೋಜು ಕಾಣದೆ ಮುಗಿದ ಸಂತೆಯೇ ಇಲ್ಲ.

ನಮ್ಮ ರಸ್ತೆಗೆ ಇನ್ನೂ ಮೋಟಾರು ಬಂದಿರದ ಕಾಲ. ಒಮ್ಮೆ ಬೆಳಗಾವಿಯ ಕ್ಯಾಂಪಿಗೆ ಹೋಗಿದ್ದೆ. ಅಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ಅಡುಗೆಯವನು ಮೇಜಿನ ಮೇಲೆ ಕಬ್ಬಿಣದ ಪೆಟ್ಟಿಗೆ ಇಟ್ಟು, ಅದರಲ್ಲಿ ಇದ್ದಲಿ ಕೆಂಡ ತುಂಬಿ, ಮೇಲೆ ಜಾಲರಿ ಹಾಕಿ, ನಿಂತುಕೊಂಡೇ ಬದನೆಕಾಯಿ ಸುಡುತ್ತಿದ್ದ. ಹೊಗೆಯಿಲ್ಲ, ಊದಿ ಊದಿ ಸಾಯುವ ಕೆಲಸವೂ ಇಲ್ಲ. ನನಗೆ ಕೂಡಲೇ ಹೆಂಡತಿಯ ಕಣ್ಣು ನೆನಪಾದವು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಲೆಯ ಹೊಗೆಗೆ ಆ ಕಣ್ಣು ಯಾವಾಗಲೂ ಕೆಂಪಗೆ ಇರುತ್ತಿದ್ದವು.

ಊರಿಗೆ ಬಂದವನೇ ಅಂಥದೇ ನಾಲ್ಕು ಕಾಲಿನ ಒಂದು ಇದ್ದಲಿ ಒಲೆ, ಅಂದರೆ ಶೇಗಡಿ, ಬಡಿದು, ಜಾಲರಿ ಹೊಂದಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಅವಳು ಅದನ್ನು ಸುತ್ತಲೂ ನೋಡಿದಳು, ಸೆರಗಿನಿಂದ ಒರೆಸಿದಳು, ಒಳಗೆ ಉಳ್ಳಾಗಡ್ಡಿ ತುಂಬಿಟ್ಟಳು. ಆಮೇಲೆ ಹೋಗಿ ಒಲೆಯ ಮುಂದೆ ಕೂತು ಊದತೊಡಗಿದಳು.

ಮನೆಯಲ್ಲಿ ಬೇಡವಾದರೂ ಊರಿಗೆ ಅದು ಬೇಕಾಯಿತು. ಕೇಳುವವರು ಹೆಚ್ಚಾದಂತೆ ಶೇಗಡಿಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಸುತ್ತಲಿನ ಸಂತೆಗಳಿಗೂ ಹೋಗತೊಡಗಿದೆ.

ಜೋಡಿ ಎಲ್ಲಿ?

ಆಗೆಲ್ಲ ಒಳ್ಳೆಯ ಮನೆತನದ ಹೆಂಗಸರು ಕಬ್ಬಿಣದ ಸಾಮಾನು ಕೊಳ್ಳಲು ಸಂತೆಗೆ ಬರುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಕಾಲಿಡದ ಗಂಡಸರೇ ಬಂದು ಶೇಗಡಿ ಆರಿಸುತ್ತಿದ್ದರು. ಸವದತ್ತಿ ಸಂತೆಗೆ ಚಚಡಿಯಿಂದ ಒಬ್ಬ ಹಿರಿಯ ಒಕ್ಕಲಿಗ ಬಂದರು. ಶೇಗಡಿಯ ಸುತ್ತ ಒಂದು ಸುತ್ತು ಹಾಕಿದರು. ಕಾಲು ತಟ್ಟಿ ನೋಡಿದರು. ಬೆನ್ನ ಮೇಲೆ ಅಂಗೈ ಊರಿ ಒತ್ತಿದರು. ಹಿಂದೆ ನಿಂತು ಸ್ವಲ್ಪ ದೂಡಿಯೂ ನೋಡಿದರು.

"ಕಾಲ ಗಟ್ಟಿ ಅದಾವು," ಎಂದರು. "ಇದರ ಜೋಡಿ ಎಲ್ಲೈತಿ?"

"ಯಜಮಾನ್ರ, ಇದು ಒಂಟೀನ ಇರತೈತ್ರಿ."

"ಹುಚ್ಚನಂಗ ಮಾತಾಡಬ್ಯಾಡ. ಒಂಟಿ ತಗೊಂಡ ಹೋದ್ರ ಊರಾಗ ನಗತಾರ," ಎಂದು ಅದೇ ಎತ್ತರದ ಇನ್ನೊಂದನ್ನು ಹುಡುಕಿ, ಪಕ್ಕಕ್ಕಿಟ್ಟು ಕಣ್ಣಳತೆ ಮಾಡಿ, ಎರಡೂ ಒಯ್ದರು.

ಮುಂದಿನ ಸಂತೆಯಲ್ಲಿ ಸಿಕ್ಕಾಗ ಅವರ ಕೈಬೆರಳಿಗೆ ಬಟ್ಟೆ ಸುತ್ತಿತ್ತು. ಏನಾಯಿತೆಂದು ಕೇಳಿದೆ.

"ಏನ ಹೇಳಲೋ ತಮ್ಮಾ. ಒಂದರ ಮ್ಯಾಲ ನಮ್ಮಾಕಿ ರೊಟ್ಟಿ ಸುಡತಾಳ. ಜೋಡಿ ತಂದೀರಿ ಅಂದ ಮ್ಯಾಲ ಜೋಡೀಲೇ ದುಡೀಬೇಕ ಅಂತ, ಇನ್ನೊಂದಕ್ಕ ನನ್ನ ಹೂಡ್ಯಾಳ!"

ನಿಂತ ದೇವರು

ಊರಿಗೆ ಮರಳಿದ ದಿನ ಸಂಜೆ ಚಿಲುಮೆಗೆ ಕೆಂಡ ತರುವ ನೆವದಿಂದ ಅಡುಗೆಮನೆಗೆ ಹೋಗಿ, ಈ ಸುದ್ದಿಯನ್ನು ಹೆಂಡತಿಗೆ ಹೇಳಿದೆ. ಮನೆಯಲ್ಲಿ ಅವ್ವ ಇದ್ದಳು, ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವ ರೂಢಿ ಇರಲಿಲ್ಲ. ಕೆಂಡ ತೆಗೆಯುವಷ್ಟು ಹೊತ್ತೇ ನಮ್ಮ ಸಂಸಾರದ ಮಾತು. ನಾನು ಕೆಂಡವನ್ನು ಬಹಳ ನಿಧಾನವಾಗಿ ಆರಿಸುತ್ತಿದ್ದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಹೊಗೆಗೆ ಕೆಮ್ಮಿದಳು, ಕಣ್ಣು ಒರೆಸಿಕೊಂಡಳು.

"ಒಂದ ಸಲಾನರ ಆ ಶೇಗಡಿ ಹಚ್ಚಿ ನೋಡು," ಎಂದೆ.

"ನೋಡೂಣಂತ್ರಿ," ಎಂದಳು. 'ನೋಡೋಣ' ಎಂದರೆ ಇಲ್ಲ ಎಂದೇ ಅರ್ಥ, ಅಷ್ಟು ದಿನಕ್ಕೆ ನನಗೂ ತಿಳಿದಿತ್ತು.

ಕಿತ್ತೂರಿನಲ್ಲಿ ಇನ್ನೊಂದು ಕಥೆ. ಶೇಗಡಿ ಒಯ್ದಿದ್ದ ಒಬ್ಬಾತ ಸಂತೆಯಲ್ಲಿ ನನ್ನ ಕೈ ಹಿಡಿದು, "ನಮ್ಮವ್ವಗ ನೀನ ಬಂದ ತಿಳಿಸಿ ಹೇಳಪಾ" ಎಂದು ಮನೆಗೆ ಎಳೆದೊಯ್ದ. ಹೋಗಿ ನೋಡಿದರೆ ನನ್ನ ಶೇಗಡಿ ದೇವರಮನೆಯ ಜಗುಲಿಯ ಮೇಲೆ ದೇವರ ಪಕ್ಕದಲ್ಲಿ ಕೂತಿದೆ! ಅರಿಷಿಣ, ಕುಂಕುಮ, ಚೆಂಡುಹೂವಿನ ಸರ. ಮನೆಗೆ ಬಂದ ಹೊಸ ವಸ್ತುವಿಗೆ ಆ ಅಜ್ಜಿ ಕಾಯಿ ಒಡೆದು ಪೂಜೆ ಮಾಡಿದ್ದರು. ಪೂಜೆಯಾದ ಮೇಲೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

"ಅದರ ಹೊಟ್ಯಾಗ ಬೆಂಕಿ ಹಾಕಂತೀಯೇನೋ ಪಾಪಿ?" ಎಂದು ಅಜ್ಜಿ ನನ್ನನ್ನೇ ಗದರಿದರು.

"ಅಜ್ಜೀ, ಒಲಿಗೂ ಪೂಜಿ ಮಾಡತೀರಿ. ಆಮ್ಯಾಲ ಬೆಂಕಿ ಹಾಕೂದಿಲ್ಲೇನ್ರಿ?"

ಅಜ್ಜಿ ಬಹಳ ಹೊತ್ತು ಯೋಚಿಸಿದರು. ಗೆದ್ದೆ ಎಂದುಕೊಂಡೆ.

"ಖರೇ ಐತಿ," ಎಂದರು. "ಆದ್ರ ಒಲಿ ಕುಂತ ದೇವರು, ಎಲ್ಲಿಗೂ ಹೋಗೂದಿಲ್ಲ. ಇದಕ್ಕ ನೀ ನಾಕ ಕಾಲ ಹಚ್ಚೀದಿ. ಸಿಟ್ಟ ಬಂದ್ರ ಎದ್ದ ಹೋದೀತು!"

ಮುಚ್ಚಿದ ಬಾಗಿಲು

ರಾಮದುರ್ಗದ ಸಂತೆಗೆ ಬರುತ್ತಿದ್ದ ಸಾಲಹಳ್ಳಿಯ ಒಬ್ಬ ಗೃಹಸ್ಥರು ಜಿಪುಣತನಕ್ಕೆ ಹೆಸರಾದವರು. ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ಅಂಗಳದಲ್ಲಿ ಬೆಂಕಿ ಹಾಕಿ ಗೋವಿನಜೋಳದ ತೆನೆ ಸುಟ್ಟರೆ ಹೋಗುವವರು ಬರುವವರೆಲ್ಲ ಕೂತುಬಿಡುತ್ತಾರೆ ಎಂಬುದು ಅವರ ಸಂಕಟ. ಮನೆಯೊಳಗೇ ಸುಡಲು ಬರುವ ಶೇಗಡಿ ಕಂಡು ಅವರಿಗೆ ಸ್ವರ್ಗ ಸಿಕ್ಕಂತಾಯಿತು.

ಕೊಳ್ಳುವ ಎಲ್ಲರಿಗೂ ಹೇಳುವ ಹಾಗೆ ಅವರಿಗೂ ಹೇಳಿದೆ: "ಕಿಟಕಿ ಮಾತ್ರ ತಗದಿಡ್ರಿ ಕಾಕಾ. ಇದ್ದಲಿ ಕಾವಿಗೆ ಮುಚ್ಚಿದ ಮನ್ಯಾಗ ತಲಿ ತಿರಗತೈತಿ, ಜೀವಕ್ಕ ಕೇಡು."

ಮುಂದಿನ ಸಂತೆಗೆ ಜಗಳಕ್ಕೇ ಬಂದರು. "ಹೊಗಿ ಇಲ್ಲ ಅಂದಿ, ಖರೇ. ವಾಸನಿ ಐತಿ ಅಂತ ಯಾಕ ಹೇಳಲಿಲ್ಲ? ನೀ ತಗಸಿದ ಕಿಟಕ್ಯಾಗ ಓಣಿ ಮಂದಿ ಎಲ್ಲಾ ಬಂದ ನಿಂದ್ರತಾರ!"

"ತಪ್ಪಾತ್ರಿ. ವಾಪಸ್ ಕೊಡ್ರಿ ಹಂಗಾರ."

"ವಾಪಸ್ ಯಾಕ?" ಎಂದು ಅತ್ತಿತ್ತ ನೋಡಿ ದನಿ ಇಳಿಸಿದರು. "ಜಾಲರಿ ಸಣ್ಣದಾಗೇತಿ, ದೊಡ್ಡದ ಮಾಡಿಕೊಡು. ಮೊನ್ನೆ ಮಳಿ ಬಂದಾಗ ಯಾರೂ ಬರಲಿಲ್ಲ. ಒಬ್ಬನ ತಿಂದ್ರ ತೆನಿ ಸಪ್ಪಗ ಹತ್ತತೈತಿ."

"ಅಂದ್ರ ಈಗ ಬಾಗಲಾನೂ ತಗದಿಡತೀರಿ?"

"ಛೇ! ಬಾಗಲಾ ಹಾಕೇ ಇರತೈತಿ. ಕಿಟಕ್ಯಾಗ ಕೊಡತೇನಿ. ಬಾಗಲಾ ತಗದ್ರ, ಇಷ್ಟ ವರ್ಷ ಗಳಿಸಿದ ಜಿಪುಣಪ್ಪ ಅನ್ನೂ ಹೆಸರ ಒಂದ ದಿನದಾಗ ಹೋಗತೈತಿ!"

ದಿನಾ ಸಂಜೆಯ ರಿಪೇರಿ

ಹೀಗೆ ಊರೂರಲ್ಲಿ ಶೇಗಡಿ ಉರಿಯುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ದೀಪದ ಕೆಳಗೆ ಕತ್ತಲೆ. ಉಳ್ಳಾಗಡ್ಡಿ ಮುಗಿದ ಮೇಲೆ ಅದರಲ್ಲಿ ಬೆಕ್ಕು ಮರಿ ಹಾಕಿತ್ತು. ಒಂದು ಸಂಜೆ ಕೆಂಡಕ್ಕೆ ಹೋದಾಗ ಹೆಂಡತಿಯ ಕಣ್ಣು ಊದಿಕೊಂಡಿದ್ದವು. ನನಗೆ ತಡೆಯಲಾಗಲಿಲ್ಲ.

"ನಾ ಮಾಡಿದ್ದು ಊರಿಗೆಲ್ಲಾ ಬೇಕು, ನಿನಗ ಯಾಕ ಬ್ಯಾಡ? ಕಣ್ಣ ಕಳಕೊಳ್ಳಾಕ ಹತ್ತಿಯೇನ?"

ಅವಳು ಒಲೆಯತ್ತ ಮುಖ ಮಾಡಿಕೊಂಡೇ ಸಣ್ಣ ದನಿಯಲ್ಲಿ ಹೇಳಿದಳು: "ಹೊಗಿ ಐತಿ ಅಂತನ ಸಂಜಿಕ ಅತ್ತಿ ಒಳಗ ಬರೂದಿಲ್ರಿ. ಹೊಗಿ ಹೋದ್ರ ಅವರು ಇಲ್ಲೇ ಕುಂದ್ರತಾರ. ಆಮ್ಯಾಲ ನೀವು ಕೆಂಡಕ್ಕ ಬಂದ್ರೂ, ಕೆಂಡ ಅಷ್ಟ ತಗೊಂಡ ಹೋಗತೀರಿ."

ಎಂಥ ದಡ್ಡ ನಾನು! ಅಷ್ಟು ದಿನ ಅವಳು ಕಣ್ಣೀರು ಸುರಿಸಿದ್ದು ನನ್ನ ಎರಡು ಮಾತಿಗಾಗಿ. ಚಿಲುಮೆ ಹಿಡಿದು ಹೊರಗೆ ಬಂದರೆ, ಬಾಗಿಲ ಪಕ್ಕದಲ್ಲೇ ಅವ್ವ ಕಾಳು ಹಸನು ಮಾಡುತ್ತ ಕೂತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಮರುದಿನ ಅವ್ವ ಬೆಕ್ಕಿನ ಮರಿಗಳನ್ನು ಬುಟ್ಟಿಗೆ ಹಾಕಿ, ಶೇಗಡಿ ತೊಳೆದು, ನನ್ನ ಕುಲುಮೆಯಿಂದಲೇ ಕೆಂಡ ತುಂಬಿ ತಂದು ಕಟ್ಟೆಯ ಮೇಲಿಟ್ಟಳು. "ಇವತ್ತಿನಿಂದ ಇದರ ಮ್ಯಾಲ ಅಡಗಿ," ಎಂದು ಸೊಸೆಗೆ ಅಪ್ಪಣೆ ಮಾಡಿದಳು. ಹೆಂಡತಿ ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಲ್ಲ ಮುಗಿಯಿತು ಎಂದುಕೊಂಡೆ.

ಸಂಜೆಯಾಯಿತು. ಅವ್ವ ಹೊರಗಿನ ಕಟ್ಟೆಗೆ ಬಂದು ಕೂತು ಕೂಗಿದಳು: "ಏ ತಮ್ಮಾ! ನಿನ್ನ ಶೇಗಡಿ ಯಾಕೋ ಕೆಟ್ಟೈತಿ ನೋಡು. ಒಳಗ ಹೋಗಿ ದುರಸ್ತಿ ಮಾಡು."

ಓಡಿ ಹೋದೆ. ಶೇಗಡಿ ನಿಗಿನಿಗಿ ಉರಿಯುತ್ತಿತ್ತು. ಜಾಲರಿಯ ಮೇಲೆ ಬದನೆಕಾಯಿ ಚಟಪಟ ಎನ್ನುತ್ತಿತ್ತು. ಹೆಂಡತಿ ಬೆಳ್ಳಗಿನ ಕಣ್ಣಿನಿಂದ ನನ್ನನ್ನು ನೋಡಿ ನಗುತ್ತಿದ್ದಳು.

ಮಾರನೆಯ ಸಂಜೆಯೂ ಶೇಗಡಿ ಕೆಟ್ಟಿತು. ಅದರ ಮಾರನೆಯ ಸಂಜೆಯೂ ಕೆಟ್ಟಿತು. ಕೊನೆಗೆ ನಾಚಿಕೆ ಬಿಟ್ಟು, "ಅವ್ವಾ, ನಿನಗ ಎಲ್ಲಾ ಗೊತ್ತಿತ್ತೇನ?" ಎಂದು ಕೇಳಿದೆ.

"ಕುಲುಮಿ ತುಂಬ ಕೆಂಡ ಇಟಗೊಂಡು, ಚಿಲಮಿಗೆ ಒಲ್ಯಾಗಿನ ಕೆಂಡ ಬೇಡೂ ಕಂಬಾರರನ್ನ ನಾ ಇಬ್ಬರನ್ನ ಕಂಡೇನಿ," ಎಂದಳು. "ಒಬ್ಬ ನೀ. ಇನ್ನೊಬ್ಬ ನಿಮ್ಮಪ್ಪ."

ಅದೇ ವಾರ ಒಂದು ಸಂಜೆ ದೂರದ ಹಳ್ಳಿಯಿಂದ ಒಬ್ಬ ಮುದುಕ ಶೇಗಡಿ ಕೊಳ್ಳಲು ಮನೆಗೇ ಬಂದ. ನಾನು ಒಳಗಿದ್ದೆ. ಕಟ್ಟೆಯ ಮೇಲಿದ್ದ ಅವ್ವನನ್ನು ಅವನು ಕೇಳುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು.

"ತಂಗೀ, ನೀವೂ ಇದನ್ನ ಬಳಸತೀರಿ. ಖರೇ ಹೇಳಬೇಕು, ಸಾಮಾನು ಹೆಂಗೈತಿ?"

ಅವ್ವ ಸುಳ್ಳು ಹೇಳುವವಳಲ್ಲ, ನಿಜ ಹೇಳುವ ಹಾಗೂ ಇಲ್ಲ. "ಚಲೋ ಐತಿ ಅಣ್ಣಾ. ಆದ್ರ ದಿನಾ ಸಂಜಿಕ ಕೆಡತೈತಿ. ಮಾಡಿದಾಂವನ ಒಳಗ ಹೋಗಿ ನೋಡಬೇಕಾಗತೈತಿ."

ಗಿರಾಕಿ ಹೋದ ಎಂದು ನಾನು ಹಣೆ ಬಡಿದುಕೊಂಡೆ. ಅದನ್ನು ಕಂಡು ನನ್ನಾಕೆಗೆ ನಗು ತಡೆಯಲಾಗಲಿಲ್ಲ. ಬಳೆ ಸದ್ದು, ನಗು, ಎರಡೂ ಹೊರಗೆ ಹೋದವು. ನಾನು ಮುಖ ಒರೆಸಿಕೊಂಡು, ಅಟ್ಟದ ಮೇಲಿನ ಎಲ್ಲಕ್ಕಿಂತ ಗಟ್ಟಿಯಾದ ಶೇಗಡಿಯನ್ನು ತೆಗೆದು ಹೊರಗೆ ತಂದು ಮುದುಕನ ಮುಂದೆ ಇಟ್ಟೆ.

"ಅವ್ವನ ಮಾತ ಬಿಡ್ರಿ ಅಜ್ಜಾರ. ಇದನ್ನ ನೋಡ್ರಿ, ಎಂದೂ ಕೆಡೂದಿಲ್ಲ."

ಮುದುಕ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

"ಇದ ಬ್ಯಾಡ. ನನ್ನ ಮಗನ ಮದಿವಿ ಮೊನ್ನೆ ಮೊನ್ನೆ ಆಗೇತಿ," ಎಂದ. "ಆ ದಿನಾ ಸಂಜಿಕ ಕೆಡೂದು ಐತಲ್ಲಾ, ಅಂಥಾದೊಂದ ಕೊಡು."