ಒಂದು ಕುತ್ತಿಗೆ ಬೇಕಾಗಿದೆ

ಹೆದರುವವರನ್ನೇ ಹುಡುಕಿಕೊಂಡು ಹೆದರಿಸುವ ಕೆಲಸಗಳು ಬರುತ್ತವೋ ಏನೋ, ನನಗಂತೂ ವಾರಕ್ಕೊಂದು ಇದ್ದೇ ಇರುತ್ತದೆ. ಜಿರಳೆ ಕಂಡರೆ ಸೋಫಾ ಹತ್ತುವ ಹೆಂಗಸು ನಾನು. ಮಗಳು ಹೈಸ್ಕೂಲಿಗೆ ಬಂದಮೇಲೆ, ಕುವೈತಿನ ಸಾಲ್ಮಿಯಾದ ಫ್ಲ್ಯಾಟಿನಲ್ಲಿ ಒಬ್ಬಳೇ ಕೂತು ಏನು ಮಾಡಲಿ ಅಂತ ಇಲ್ಲಿನ ಒಂದು ಕೈರೋಪ್ರಾಕ್ಟಿಕ್ ಕಾಲೇಜಿಗೆ ಸೇರಿಬಿಟ್ಟೆ. ಮಾತ್ರೆ ಇಲ್ಲ, ಸೂಜಿ ಇಲ್ಲ, ರಕ್ತ ಇಲ್ಲ, ಬರೀ ಕೈಯಿಂದ ಬೆನ್ನು, ಕುತ್ತಿಗೆ ಸರಿಮಾಡುವ ವಿದ್ಯೆ ಅಂದರು. ರಕ್ತ ಇಲ್ಲ ಅನ್ನುವುದಷ್ಟೇ ನನ್ನ ಕಿವಿಗೆ ಬಿತ್ತು. ಕುತ್ತಿಗೆ ಅಂದದ್ದು ಫೀಸು ಕಟ್ಟಿದ ಮೇಲೆ ಕೇಳಿಸಿತು.

ಡಾಕ್ಟರ್ ಎಲ್ಲಿ?

ನಮ್ಮಲ್ಲಿ ಒಬ್ಬರ ಮೇಲೊಬ್ಬರು ಮಾಡಿಯೇ ಕಲಿಯಬೇಕು. ಹೆಂಗಸರಿಗೆ ಹೆಂಗಸರೇ ಜೋಡಿ. ನನ್ನ ಜೋಡಿಗೆ ಸಿಕ್ಕವಳು ಒಬ್ಬ ಕುವೈತಿ ಹುಡುಗಿ. ವಯಸ್ಸಿನಲ್ಲಿ ನನ್ನ ಅರ್ಧ, ಹೆದರಿಕೆಯಲ್ಲಿ ನನ್ನ ಸಮ. ಮೇಡಂ ಒಬ್ಬಳನ್ನು ಮಲಗಿಸಿ ಬೆನ್ನು ಒತ್ತಿ ತೋರಿಸಿದರು. "ಲಟಕ್" ಅಂತ ಸದ್ದು ಬಂತು. ಅದು ಮೂಳೆಯ ಸದ್ದಲ್ಲ, ಕೀಲಿನೊಳಗಿನ ಗಾಳಿಯದು ಅಂತ ಅವರು ಹೇಳುವಷ್ಟರಲ್ಲಿ ನನ್ನ ಎದೆ ಧಸಕ್ ಅಂದಾಗಿತ್ತು.

"ಒಬ್ಬರು ಮಲಗಿ, ಒಬ್ಬರು ಮಾಡಿ. ಯಲ್ಲಾ, ಬೇಗ ಬೇಗ!" ಅಂದು ಮೇಡಂ ಪಕ್ಕದ ಕೋಣೆಗೆ ಹೋದರು.

ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದೇ ವಾಸಿ ಅಂತ ಓಡಿಹೋಗಿ ಮೇಜಿನ ಮೇಲೆ ಬೋರಲು ಬಿದ್ದುಕೊಂಡೆ. ಮುಖ ಇಡಲು ಅದರಲ್ಲೊಂದು ತೂತು, ನೆಲ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಣ್ಣು ಮುಚ್ಚಿ ಗುರುರಾಯರನ್ನು ನೆನೆದೆ. ಕಾದೆ, ಕಾದೆ. ಬೆನ್ನ ಮೇಲೆ ಯಾರ ಕೈಯೂ ಬೀಳಲಿಲ್ಲ.

ಮೇಡಂ ವಾಪಸ್ ಬಂದು ನೋಡಿದರೆ, ಪಕ್ಕದ ಮೇಜಿನ ಮೇಲೆ ಆ ಹುಡುಗಿಯೂ ಬೋರಲು!

"ಇಬ್ಬರೂ ರೋಗಿಗಳಾದರೆ ಡಾಕ್ಟರ್ ಎಲ್ಲಿ?"

ಹುಡುಗಿ ತೂತಿನೊಳಗಿಂದಲೇ ಹೇಳಿದಳು, "ನಾವೂ ಅವರಿಗೇ ಕಾಯ್ತಾ ಇದೀವಿ, ಮೇಡಂ."

ನನ್ನ ಮೊದಲ ಕೈಗುಣ

ಬೆನ್ನಿಗೆ ಹೇಗೋ ಕೈ ಪಳಗಿತು. ಕುತ್ತಿಗೆ ಅಂದರೆ ಮಾತ್ರ ಬೆರಳೆಲ್ಲ ತಣ್ಣಗಾಗುತ್ತಿದ್ದವು. ಕುತ್ತಿಗೆಯ ಪರೀಕ್ಷೆಯನ್ನು ಒಮ್ಮೆ ಜ್ವರದ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಬಿಟ್ಟರೆ ಮನೆಗೇ ಹೋಗಿ ಅಂದುಬಿಟ್ಟರು. ಅದರ ಮೇಲೆ, ಪರೀಕ್ಷೆಗೆ ನಮ್ಮ ಕಡೆಯ ಒಬ್ಬ ಹೆಂಗಸನ್ನು ನಾವೇ ಕರೆತರಬೇಕು.

ಅದಕ್ಕೇನು, ಕುವೈತಿನ ಕನ್ನಡದ ಹೆಂಗಸರಲ್ಲಿ ಕುತ್ತಿಗೆ ನೋವಿಲ್ಲದವರು ಯಾರಿದ್ದಾರೆ? ಮಂಗಫ್‌ನಲ್ಲಿ ಒಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಹೋದಾಗ ಎಲ್ಲರ ಬಾಯಲ್ಲೂ ಅದೇ ಮಾತು. "ಏಸಿ ಗಾಳಿಗೆ ಕುತ್ತಿಗೆ ಹಿಡಕೊಂಡಿದೆ ಕಣ್ರೀ." "ನನಗಂತೂ ತಿರುಗಿಸೋಕೇ ಆಗಲ್ಲ." ಎಲೆಯಲ್ಲಿದ್ದ ಸಪಾದಭಕ್ಷ್ಯ ಬಿಟ್ಟು ನಾನು ಆಸೆಯಿಂದ ಕೇಳಿದೆ, "ನನ್ನ ಪರೀಕ್ಷೆಗೆ ಯಾರಾದ್ರೂ ಬರ್ತೀರಾ? ಕುತ್ತಿಗೆ ಸರಿಮಾಡಬೇಕು."

ತಿರುಗಿಸೋಕೇ ಆಗಲ್ಲ ಅಂದಿದ್ದವರು ಸರಕ್ಕನೆ ಕುತ್ತಿಗೆ ತಿರುಗಿಸಿ, "ಇನ್ನೊಂಚೂರು ಪುಳಿಯೋಗರೆ ಹಾಕ್ರೀ" ಅಂದರು.

ದಿಂಬು

ಮನೆಯಲ್ಲೂ ಇದೇ ಕಥೆ. ಅಭ್ಯಾಸಕ್ಕಾದರೂ ಕುತ್ತಿಗೆ ಕೊಡಿ ಅಂತ ನಮ್ಮ ಯಜಮಾನರನ್ನು ಅಂಗಲಾಚಿದೆ. ಬ್ಯಾಂಕಿನಲ್ಲಿ ಹತ್ತು ಜನರನ್ನು ಗದರಿಸುವ ಮನುಷ್ಯ, ವಿಮಾನದಲ್ಲಿ ಕುತ್ತಿಗೆಗೆ ಹಾಕಿಕೊಳ್ಳುವ ದಿಂಬು ಹಾಕಿಕೊಂಡು ಊಟಕ್ಕೆ ಬಂದರು. ಮಲಗುವಾಗಲೂ ಅದೇ.

"ಬಿ ಬ್ರೇವ್, ಅಪ್ಪಾ," ಅಂದಳು ಮಗಳು.

"ನೀನೇ ಕೊಡು ನೋಡೋಣ."

"ಸಾರಿ, ಐ ಹ್ಯಾವ್ ಸ್ಕೂಲ್."

ಪರೀಕ್ಷೆ

ಕೊನೆಗೆ ನನ್ನನ್ನು ಕಾಪಾಡಿದ್ದು ಮಂಡ್ಯದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ನಮ್ಮತ್ತೆ. "ಯಾಕೆ ಅಳ್ತೀಯೇ? ನಾನು ಬರ್ತೀನಿ ನಡಿ. ನನಗ್ಯಾವ ಭಯ?" ಅಂದರು. ಕಾಲೇಜಿನವರು ಎಕ್ಸ್-ರೇ ತೆಗೆದು, ಪರವಾಗಿಲ್ಲ, ಹಗುರವಾಗಿ ಮಾಡಿ ಅಂತ ಒಪ್ಪಿದರು.

ಅತ್ತೆ ಅಂಗಾತ ಮಲಗಿದರು. ನಾನು ತಲೆಯ ಹತ್ತಿರ ಕೂತು ಕುತ್ತಿಗೆಯ ಕೆಳಗೆ ಎರಡೂ ಕೈ ಇಟ್ಟೆ. ಪರೀಕ್ಷೆ ಮಾಡುವ ಡಾಕ್ಟರಮ್ಮ ಪರದೆಯ ಆಚೆ ಕೈ ತೊಳೆಯುತ್ತಿದ್ದರು. ಇವರಿಗೇನಾದರೂ ಆದರೆ ಯಜಮಾನರಿಗೆ ಯಾವ ಮುಖ ತೋರಿಸಲಿ?

ಅತ್ತೆ ನನ್ನ ಮುಖವನ್ನೇ ನೋಡಿದರು. "ಎಷ್ಟು ಬಾಡಿ ಹೋಗಿದೀಯೇ! ಯಾರ ಕಣ್ಣು ಬಿತ್ತೋ." ಮಲಗಿದ್ದಲ್ಲಿಂದಲೇ ಎರಡೂ ಕೈ ಎತ್ತಿ ನನ್ನ ಕೆನ್ನೆ ಸವರಿ, ತಮ್ಮ ಹಣೆಯ ಪಕ್ಕಕ್ಕೆ ಬೆರಳು ಒತ್ತಿ ನೆಟಿಕೆ ಮುರಿದು ದೃಷ್ಟಿ ತೆಗೆದರು. ಹತ್ತೂ ಬೆರಳು. ಲಟಲಟಲಟಲಟ!

ಪರದೆಯ ಆಚೆ ಏನೋ ಬಿದ್ದ ಸದ್ದು. ಡಾಕ್ಟರಮ್ಮ ಸೋಪಿನ ಕೈಯಲ್ಲೇ ಓಡಿಬಂದರು. "ಯಾ ಅಲ್ಲಾ! ಏನು ಮಾಡಿದಿರಿ? ನಾನು ಶುರು ಮಾಡಿ ಅನ್ನಲೇ ಇಲ್ಲ! ಉಸಿರಾಡ್ತಿದ್ದಾರಾ?"

ಅವರಿಗೆ ಹೇಗೆ ಬಿಡಿಸಿ ಹೇಳಲಿ? ಅತ್ತೆ ಅವರನ್ನು ಸನ್ನೆ ಮಾಡಿ ಹತ್ತಿರ ಕರೆದು, ಅವರ ಕೆನ್ನೆಯನ್ನೂ ಸವರಿ ಇನ್ನೊಮ್ಮೆ ಲಟಲಟ ಅನ್ನಿಸಿದರು. ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದು ಕೂತು, ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ನನಗೂ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಕೈ ಬೆಚ್ಚಗಾಯಿತು. ಹಗುರವಾಗಿ ಒಂದೇ ಸಲ ತಿರುಗಿಸಿದೆ. ಸಣ್ಣದಾಗಿ "ಟಿಕ್" ಅಂದಿತು.

"ಅಷ್ಟೇನಾ?" ಅಂದರು ಅತ್ತೆ. "ಪಾಸ್" ಅಂದರು ಡಾಕ್ಟರಮ್ಮ.

ಕಾರಿನಲ್ಲಿ ಅತ್ತೆಯ ಧೈರ್ಯವನ್ನು ಹೊಗಳುತ್ತಿದ್ದೆ. ಅಷ್ಟರಲ್ಲಿ ಮಂಡ್ಯದಿಂದ ನಾದಿನಿಯ ಫೋನು, ಒಂದೇ ಸಮ ಅಳು. "ಅತ್ತಿಗೆ, ಅಮ್ಮ ಇದಾರಾ? ಬೆಳಿಗ್ಗೆ ನಮಗೆಲ್ಲ ಫೋನ್ ಮಾಡಿ, ಚೆನ್ನಾಗಿರಿ, ಜಗಳ ಆಡಬೇಡಿ, ಅವಲಕ್ಕಿ ಸರ ನೀನೇ ಇಟ್ಕೋ ಅಂತೆಲ್ಲ ಹೇಳಿಬಿಟ್ರು!"

ನಾನು ತಿರುಗಿ ನೋಡಿದೆ. ಅತ್ತೆ ಕಿಟಕಿಯಾಚೆ ಸಮುದ್ರ ನೋಡುತ್ತಿದ್ದರು. ಆಮೇಲೆ ಫೋನು ಕಿತ್ತುಕೊಂಡರು.

"ಬದುಕಿದೀನಿ ಕಣೇ, ಅಳಬೇಡ! ಆ ಸರದ ಆಸೆ ಮಾತ್ರ ಬಿಟ್ಬಿಡು. ಅದು ನಮ್ಮನೆ ಡಾಕ್ಟರಿಗೆ."