ನಾಲ್ಕನೇ ಕ್ವಾರ್ಟರ್‌ನಲ್ಲಿ ನಿಲ್ಲುವವರು

ನನಗೆ ಗೊತ್ತಿಲ್ಲದ ವಿಷಯದಲ್ಲಿ ಬೇರೆಯವರಿಗೆ ಭವಿಷ್ಯ ಹೇಳುವುದು ನನ್ನ ಉದ್ಯೋಗ. ಇದಕ್ಕೆ ಡೇಟಾ ಅನಾಲಿಟಿಕ್ಸ್ ಅನ್ನುತ್ತಾರೆ. ಇಂಥ ಕೆಲಸದಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಏನೂ ನಡೆಯದ ವಾರ ನಾನು ರಜೆಯ ಮೇಲಿದ್ದೆ ಎಂದು ತಿಳಿಯಬೇಕು. ಕೆಳಗಿನವು ಒಂದೇ ಪ್ರಾಜೆಕ್ಟಿನವು, ಕೊರೊನಾ ಕಾಲದವು. ಆಗ ನಾವು ಮಲೇಷ್ಯಾದ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ ಒಂದು ಕಾಂಡೋದ ಹನ್ನೊಂದನೇ ಮಹಡಿಯಲ್ಲಿದ್ದೆವು. ಕೆಳಗಿಳಿಯಲು ಕಾರಣ ಬೇಕಿತ್ತು.

ಮೇಲ್ ಬಂತು

ಮೇಲ್ ಕಳಿಸಿದವರು ಅಮೆರಿಕದ ಕ್ಲೈಂಟ್. ಅಲ್ಲಿನ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರುತ್ತಾನೆ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಯಾರಿಗೆ ಎಸೆಯಬೇಕು ಎಂದು ಅವನೇ ತೀರ್ಮಾನಿಸುತ್ತಾನೆ. ಗೆದ್ದರೆ ಅವನನ್ನು ಹೊಗಳುತ್ತಾರೆ, ಸೋತರೆ ಅವನನ್ನೇ ಬೈಯುತ್ತಾರೆ. ಕಾಲೇಜು ತಂಡದಲ್ಲಿ ಮೆರೆದವರನ್ನು ಅಲ್ಲಿನ ವೃತ್ತಿಪರ ತಂಡಗಳು ಆರಿಸಿಕೊಳ್ಳುತ್ತವೆ. ಕಾಲೇಜಿನಲ್ಲಿ ಮೆರೆದವನು ದೊಡ್ಡ ತಂಡದಲ್ಲೂ ಮೆರೆಯುತ್ತಾನೋ ಇಲ್ಲವೋ ಎಂದು ಮೊದಲೇ ಹೇಳುವ ಒಂದು ಕಂಪ್ಯೂಟರ್ ಮಾಡೆಲ್ ಕಟ್ಟಿಕೊಡಬೇಕು. ಇಷ್ಟೇ ಕೆಲಸ. ಈ ಆಟವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ನಾವು ಮೂವರು. ನಾನು, ಹುಬ್ಬಳ್ಳಿಯ ಒಬ್ಬ ಎಂಜಿನಿಯರ್, ಮಂಗಳೂರಿನ ಒಬ್ಬ ಹೆಣ್ಣುಮಗಳು. ಮೂವರ ಎಂಪ್ಲಾಯ್‌ಮೆಂಟ್ ಪಾಸೂ, ಅಂದರೆ ಈ ದೇಶದಲ್ಲಿದ್ದು ದುಡಿಯಲು ಕೊಡುವ ಪರವಾನಗಿ, ಮೂರು ತಿಂಗಳಲ್ಲಿ ಮುಗಿಯುವುದಿತ್ತು. ಎಚ್‌ಆರ್‌ನ ಚೀನೀ ಹೆಂಗಸು ಫೋನ್ ಮಾಡಿ, ಕ್ಲೈಂಟ್ ಪ್ರಾಜೆಕ್ಟನ್ನು ಮುಂದುವರಿಸಿದರೆ ಪಾಸ್ ರಿನ್ಯೂ ಆಗುತ್ತದೆ ಎಂದರು. ಇಲ್ಲದಿದ್ದರೆ? "ಸಾರಿ ಲಾ," ಎಂದರು. ಇಲ್ಲಿ ಮಾತಿನ ಕೊನೆಗೆಲ್ಲ ಒಂದು 'ಲಾ' ಇರುತ್ತದೆ. ನನ್ನ ಪಾಸಿಗೆ ಹೆಂಡತಿಯ ಮತ್ತು ಮಗಳ ಪಾಸುಗಳು ಜೋತುಬಿದ್ದಿದ್ದವು.

ಮೊದಲ ವಿಡಿಯೊ ಮೀಟಿಂಗಿನಲ್ಲಿ ಹುಬ್ಬಳ್ಳಿಯವರು ಮೇಲ್‌ನ ತಲೆಬರಹ ಓದಿದರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫೇಲಾಗಿ ಮತ್ತೆ ಬರೆಯುವ ಪೇಪರಿಗೆ 'ಬ್ಯಾಕ್' ಅನ್ನುತ್ತಾರೆ. ಕ್ವಾರ್ಟರ್ ಅಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

"ಕಾಲೇಜಿನಾಗ ಕ್ವಾರ್ಟರ್ ಹೆಚ್ಚಾದವಗ ಬ್ಯಾಕ್ ಹೆಚ್ಚು. ಬ್ಯಾಕ್ ಹೆಚ್ಚಾದವ ಮುಂದ ಬರೂದಿಲ್ಲ. ಇದಕ್ಕ ಡೇಟಾ ಯಾಕ್ ಬೇಕ್ರೀ?"

"ಹಾಗೆ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎಂದರು ಮಂಗಳೂರಿನವರು. "ಸರ್‌ಗೆ ಎರಡು ಬ್ಯಾಕ್ ಇತ್ತಂತೆ, ಮ್ಯಾನೇಜರ್ ಆಗ್ಲಿಲ್ವಾ? ನನಗೆ ಗೋಲ್ಡ್ ಮೆಡಲ್ ಉಂಟು. ಅವರ ಕೈಕೆಳಗೆ ಇದ್ದೇನೆ."

ಮೀಟಿಂಗನ್ನು ಅಲ್ಲಿಗೆ ಮುಗಿಸಿದೆ.

ಅತ್ತೆ

ನನ್ನ ಅತ್ತೆ ಮೈಸೂರಿನಿಂದ ಮಗಳನ್ನು ನೋಡಲು ಒಂದು ತಿಂಗಳಿಗೆಂದು ಬಂದಿದ್ದರು. ಗಡಿ ಮುಚ್ಚಿತು. ಅವರು ನಮ್ಮಲ್ಲೇ ಉಳಿದರು. ಅಳಿಯ ಆಫೀಸಿನಲ್ಲಿ ಏನು ಮಾಡುತ್ತಾನೆ ಎಂದು ತಿಳಿಯುವ ಅವಕಾಶ ಅವರಿಗೆ ಮದುವೆಯಾಗಿ ಹದಿನೇಳು ವರ್ಷಕ್ಕೆ ಸಿಕ್ಕಿತು, ಏಕೆಂದರೆ ಆಫೀಸು ಈಗ ಊಟದ ಮೇಜಿನ ಮೇಲಿತ್ತು.

ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದೊಂದಕ್ಕೂ ಕ್ವಾರ್ಟರ್ ಎಂದೇ ಹೆಸರು. ಇದು ಅತ್ತೆಗೆ ಗೊತ್ತಿರಲಿಲ್ಲ. ಹುರುಳಿಕಾಯಿ ಸೋಸುತ್ತ ಅವರು ಒಂದು ವಾರ ನನ್ನ ಕಡೆಯ ಮಾತುಗಳನ್ನಷ್ಟೇ ಕೇಳಿಸಿಕೊಂಡರು. ಅವು ಹೆಚ್ಚುಕಡಿಮೆ ಹೀಗಿದ್ದವು:

"ಮೊದಲ ಕ್ವಾರ್ಟರ್‌ನಲ್ಲಿ ಎಲ್ಲರೂ ಚೆನ್ನಾಗೇ ಇರ್ತಾರೆ."

"ಮೂರನೇ ಕ್ವಾರ್ಟರ್ ಹೊತ್ತಿಗೆ ಕೈ ನಡುಗೋಕೆ ಶುರುವಾಗುತ್ತೆ."

"ನಾಲ್ಕನೇ ಕ್ವಾರ್ಟರ್‌ನಲ್ಲೂ ಗಟ್ಟಿಯಾಗಿ ನಿಲ್ಲೋರು ಯಾರು, ನಮಗೆ ಬೇಕಾಗಿರೋದು ಅವರು."

ಭಾನುವಾರ ಹೆಂಡತಿ ಕಾಫಿ ತಂದಿಟ್ಟು ಎದುರು ಕೂತಳು. "ಏನ್ರೀ, ಅಮ್ಮ ಕೇಳ್ತಿದ್ದಾರೆ, ನೀವು ಕಂಪ್ಯೂಟರ್ ಕೆಲಸ ಬಿಟ್ಟು ಎಷ್ಟು ದಿನ ಆಯ್ತು ಅಂತ."

ಅತ್ತೆಯನ್ನು ಕೂರಿಸಿಕೊಂಡು ಒಂದು ಪಂದ್ಯದ ವಿಡಿಯೊ ತೋರಿಸಿದೆ. ಶಿರಸ್ತ್ರಾಣ ಧರಿಸಿದ ದೈತ್ಯರು ಒಬ್ಬರ ಮೇಲೊಬ್ಬರು ಬೀಳುವುದನ್ನು ಅವರು ಕೊನೆಯವರೆಗೆ ನೋಡಿದರು. ಅರ್ಥವಾಯಿತೆಂದರು. ಎದ್ದು ಹೋಗುವಾಗ ಬಾಗಿಲ ಬಳಿ ನಿಂತರು.

"ನನಗೇನೋ ತಿಳೀತು ಬಿಡಿ. ಆದ್ರೂ ಮಾತಾಡುವಾಗ ಆ ಕಿಟಕಿ ಹಾಕ್ಕೊಳ್ಳಿ. ಪಕ್ಕದ ಮನೆಯವರು ತಮಿಳರು. ಅವರಿಗೂ ಕ್ವಾರ್ಟರ್ ಅಂದ್ರೆ ಗೊತ್ತು."

ಒಳ್ಳೆಯ ಕಂಪನಿ

ಕ್ಲೈಂಟ್ ಕಳಿಸಿದ ಪಟ್ಟಿಯಲ್ಲಿ 'ಸ್ಯಾಕ್' ಎಂದು ಒಂದು ಕಾಲಂ ಇತ್ತು. ಅದನ್ನು ಶುದ್ಧ ಮಾಡುವ ಕೆಲಸ ಹುಬ್ಬಳ್ಳಿಯವರದು. ಅದು ಸುತ್ತಮುತ್ತಲಿನ ಕಂಪನಿಗಳಲ್ಲಿ ದಿನಕ್ಕೊಬ್ಬರನ್ನು ಮನೆಗೆ ಕಳಿಸುತ್ತಿದ್ದ ಕಾಲ. ಅವರ ಮನಸ್ಸಿನಲ್ಲಿ, ಕೆಲಸದಿಂದ ತೆಗೆಯುವುದು ಎಂಬುದನ್ನು ಬಿಟ್ಟು ಆ ಪದದ ಇನ್ನೊಂದು ಅರ್ಥಕ್ಕೆ ಜಾಗವಿರಲಿಲ್ಲ.

ಎರಡು ದಿನದ ನಂತರ ಫೋನ್ ಮಾಡಿದರು. ಧ್ವನಿಯಲ್ಲಿ ಭಕ್ತಿ ಇತ್ತು.

"ಸರ್, ಒಬ್ಬಾಂವನ್ನ ಒಂದ ಮ್ಯಾಚಿನಾಗ ಐದು ಸಲ ಸ್ಯಾಕ್ ಮಾಡ್ಯಾರ್ರೀ."

"ಹೌದಾ?"

"ಐದು ಸಲ ತಗದು ಐದೂ ಸಲ ವಾಪಸ್ ತಗೊಂಡಾರ. ಅದೂ ಅದ ದಿನ. ಮುಂದಿನ ವಾರ ನೋಡ್ರಿ, ಮತ್ತ ಆಡಾಕ ಹತ್ಯಾನ. ಎಂಥಾ ಕಂಪನಿ ಅದ! ನಾವೂ ಒಂದು ಅಪ್ಲಿಕೇಶನ್ ಹಾಕೂಣೇನ್ರಿ?"

ಅವರು ಈ ತಿಳಿವಳಿಕೆಯಿಂದಲೇ ಮಾಡೆಲ್ ಓಡಿಸಿದ್ದರು. ಹೆಚ್ಚು ಸಲ ಕೆಲಸ ಕಳೆದುಕೊಂಡವನಿಗೆ ಹೆಚ್ಚು ಅನುಭವ ಎಂದು ಅಂಕವನ್ನೂ ಕೊಟ್ಟಿದ್ದರು. ಮಂಗಳೂರಿನವರು ಆ ಸಂಜೆ ನಾಲ್ಕು ವಿಡಿಯೊ ನೋಡಿ, ಮರುದಿನ ಸಮಾಧಾನದಿಂದ ತಿದ್ದಿದರು.

"ಸ್ಯಾಕ್ ಅಂದ್ರೆ ಕೆಲಸದಿಂದ ತೆಗೆಯುದು ಅಲ್ಲ ಮಾರಾಯ್ರೆ. ಚೆಂಡು ಎಸೆಯುವ ಮೊದಲೇ ಎದುರಿನವರು ಬಂದು ಕ್ವಾರ್ಟರ್‌ಬ್ಯಾಕನ್ನು ಹಿಡಿದು ನೆಲಕ್ಕೆ ಕೆಡಗುದು."

ಹುಬ್ಬಳ್ಳಿಯವರು ತಾವು ಕೊಟ್ಟ ಅಂಕಗಳನ್ನು ಅಳಿಸತೊಡಗಿದರು.

"ನಮ್ಮ ಎಚ್‌ಆರ್‌ನವ್ರು ಎರಡೂ ಕೂಡೇ ಮಾಡ್ತಾರ," ಎಂದರು.

ತಪಾವ್

ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದಿತ್ತು. ನಮ್ಮ ಮನೆಯಿಂದ ನಾನು ಹೋಗುತ್ತಿದ್ದೆ. ಎದುರು ರಸ್ತೆಯ ತಮಿಳು ಮುಸಲ್ಮಾನರ ಮಾಮಕ್ ಹೋಟೆಲಿನಲ್ಲಿ ಕುರ್ಚಿಗಳನ್ನು ಮಡಿಸಿ ಕಟ್ಟಿದ್ದರು. ಕೂತು ತಿನ್ನುವಂತಿಲ್ಲ, ತಪಾವ್ ಮಾತ್ರ, ಅಂದರೆ ಕಟ್ಟಿಸಿಕೊಂಡು ಹೊರಡಬೇಕು. ನೆಲದ ಮೇಲೆ ಅಂಟಿಸಿದ ಹಳದಿ ಗುರುತಿನ ಮೇಲೆ ನಿಂತು ಫೋನಿನಲ್ಲಿ ಒಂದು ಹಳೆಯ ಪಂದ್ಯ ನೋಡುತ್ತಿದ್ದೆ. ರೋಟಿ ಬೀಸುವವರು ಮಾಸ್ಕ್ ಮೇಲಿನಿಂದ ಇಣುಕಿದರು.

"ಏನ್ ಬಾಸ್, ಫೈಟಿಂಗಾ?"

ಅವರ ಇಂಗ್ಲಿಷು, ನನ್ನ ತಮಿಳು ಸೇರಿಸಿ ವಿವರಿಸಿದೆ. ಇದು ಆಟ. ಇವರೆಲ್ಲ ಕಾಲೇಜಿನಲ್ಲಿ ಚಾಂಪಿಯನ್‌ಗಳು. ಮುಂದೆ ದೊಡ್ಡ ಆಟಗಾರರು ಆಗುತ್ತಾರೋ ಇಲ್ಲವೋ ಹೇಳುವುದು ನನ್ನ ಕೆಲಸ.

"ಅದಕ್ಕೂ ಆಫೀಸ್ ಇದೆಯಾ?" ಎಂದರು. ಹಿಟ್ಟಿನ ಉಂಡೆ ತಟ್ಟುತ್ತ ಹೇಳಿದರು: "ಸ್ಕೂಲಲ್ಲಿ ನಾನು ಬ್ಯಾಡ್ಮಿಂಟನ್ ಚಾಂಪಿಯನ್ ಬಾಸ್. ಮೂರು ವರ್ಷ. ಹೆಡ್‌ಮಾಸ್ಟರ್ ಹೇಳಿದರು, ಇವನು ದೇಶಕ್ಕೆ ಆಡ್ತಾನೆ ಅಂತ."

"ಆಮೇಲೆ?"

ಹಿಟ್ಟನ್ನು ಗಾಳಿಗೆ ಬೀಸಿದರು. ಅದು ತಲೆಯ ಮೇಲೆ ತೆಳ್ಳಗೆ ಅಗಲವಾಗಿ ಒಂದು ಸುತ್ತು ತಿರುಗಿ, ಕಾವಲಿಯ ನಡುವೆ ಬಂದು ಕೂತಿತು.

"ಆಮೇಲೆ ರೋಟಿ."

ನನ್ನ ಮುಖ ನೋಡಿ ಅವರಿಗೇ ಪಾಪ ಅನಿಸಿರಬೇಕು.

"ಮಣಿಕಟ್ಟು ವೇಸ್ಟ್ ಆಗಿಲ್ಲ ಲಾ," ಎಂದು ಸಮಾಧಾನ ಮಾಡಿದರು.

ಪಾಸ್

ಪಾಸು ಮುಗಿಯಲು ಮೂರು ವಾರ ಉಳಿದಿತ್ತು. ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು.

ಕ್ವಾರ್ಟರ್‌ಬ್ಯಾಕ್ ಎಸೆಯುವ ಚೆಂಡಿಗೂ 'ಪಾಸ್' ಎಂದೇ ಹೆಸರು. ತನ್ನವರ ಕೈಗೆ ಸಿಗದಿದ್ದರೆ ಅದು 'ಇನ್‌ಕಂಪ್ಲೀಟ್'. ಎದುರಾಳಿ ಹಿಡಿದರೆ ಹೋಯಿತು. ಒಬ್ಬ ಆಟಗಾರನ ಒಂದು ಕೆಟ್ಟ ಋತುವಿನ ಬಗ್ಗೆ ನಾನು ಹುಬ್ಬಳ್ಳಿಯವರೊಂದಿಗೆ ಅರ್ಧ ಗಂಟೆ ಮಾತಾಡಿದೆ. ಪಾಸ್ ಇನ್‌ಕಂಪ್ಲೀಟ್ ಅಂದೆ. ಮತ್ತೆ ಇನ್‌ಕಂಪ್ಲೀಟ್ ಅಂದೆ. "ಕೊನೆಗೆ ಪಾಸು ಬೇರೆಯವರ ಪಾಲಾಯ್ತು, ಅಲ್ಲಿಗೆ ಕಥೆ ಮುಗೀತು," ಎಂದೂ ಅಂದೆ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತದ್ದು ನನ್ನ ಗಮನಕ್ಕೆ ಬರಲಿಲ್ಲ.

ಹೆಡ್‌ಫೋನ್ ತೆಗೆದು ತಿರುಗಿದಾಗ ಹಜಾರದಲ್ಲಿ ನಾಲ್ಕು ಸೂಟ್‌ಕೇಸ್ ಬಾಯಿ ತೆರೆದು ಕೂತಿದ್ದವು. ಅತ್ತೆ ಸೀರೆ ಮಡಿಸುತ್ತಿದ್ದರು. ಹೆಂಡತಿ ಕಣ್ಣೊರೆಸಿಕೊಂಡು, "ಇರಲಿ ಬಿಡಿ, ನೀವೇನು ಮಾಡೋಕಾಗುತ್ತೆ," ಎಂದಳು. ಮಗಳು ನಮ್ಮ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಸೋಫಾದಿಂದ ತಲೆಯೆತ್ತದೆ, "ಬಟ್ ದೇರ್ ಆರ್ ನೋ ಫ್ಲೈಟ್ಸ್, ಅಮ್ಮಾ," ಎಂದಳು. ಆ ಮನೆಯಲ್ಲಿ ಆ ಹೊತ್ತಿಗೆ ವಾಸ್ತವದ ಜೊತೆ ಸಂಪರ್ಕದಲ್ಲಿದ್ದವಳು ಅವಳೊಬ್ಬಳೇ.

ಎಲ್ಲ ಬಿಡಿಸಿ ಹೇಳಲು ಇಪ್ಪತ್ತು ನಿಮಿಷ ಹಿಡಿಯಿತು. ಸೂಟ್‌ಕೇಸುಗಳು ಮಂಚದ ಕೆಳಗೆ ಹೋದವು. ಆದರೆ ಹೆಂಡತಿ ಅಷ್ಟರಲ್ಲಿ, ಎರಡು ವರ್ಷ ಸಾಕಿದ ಕರಿಬೇವಿನ ಕುಂಡವನ್ನು, ನೀವೇ ಇಟ್ಟುಕೊಳ್ಳಿ ಅಕ್ಕಾ ಎಂದು ಪಕ್ಕದ ಮನೆಗೆ ಕೊಟ್ಟುಬಂದಿದ್ದಳು. ವಾಪಸ್ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಒಳ್ಳೆಯ ಹೆಂಗಸು, ಕೂಡಲೇ ತಂದುಕೊಟ್ಟರು.

ಕುಂಡ ಬಂತು, ಗಿಡ ಬಂತು. ಎಲೆಗಳು ಅವರ ಸಾಂಬಾರಿನಲ್ಲಿದ್ದವು.

ಕೊನೆಯ ಮೀಟಿಂಗ್

ಕ್ಲೈಂಟ್‌ನ ಮುಖ್ಯಸ್ಥರಿಗೆ ಮಾಡೆಲ್ ತೋರಿಸುವ ದಿನ. ನಮಗೆ ಬೆಳಿಗ್ಗೆ ಎಂಟು, ಅವರಿಗೆ ಹಿಂದಿನ ಸಂಜೆ. ಮುಂದುವರಿಸುತ್ತೇವೋ ಇಲ್ಲವೋ ಅಂದೇ ಹೇಳುವುದಾಗಿ ಮೊದಲೇ ತಿಳಿಸಿದ್ದರು. ಪಾಸಿಗೆ ಒಂಬತ್ತು ದಿನ ಉಳಿದಿತ್ತು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ.

ಮುಖ್ಯಸ್ಥರ ಮುಖವನ್ನು ಅಂದೇ ಮೊದಲು ನೋಡಿದ್ದು. ಅಗಲ ಭುಜದ, ನೆರೆತ ತಲೆಯ ಮನುಷ್ಯ. ಮಂಗಳೂರಿನವರು ತಮ್ಮ ಮನೆಯಿಂದ ಸ್ಕ್ರೀನ್ ಹಂಚಿದರು. ನಾನು ಮೂರು ತಿಂಗಳ ಶ್ರಮವನ್ನು ಒಂದೇ ಮಾತಿನಲ್ಲಿ ಹೇಳಿದೆ: ಕಾಲೇಜಿನ ಯಶಸ್ಸು ಮುಂದಿನದರ ಬಗ್ಗೆ ಸ್ವಲ್ಪ ಹೇಳುತ್ತದೆ, ಪೂರ್ತಿ ಹೇಳುವುದಿಲ್ಲ. ಇದನ್ನು ಕೇಳಲು ಅವರು ಮಲೇಷ್ಯಾದವರೆಗೆ ಬರಬೇಕಿರಲಿಲ್ಲ ಎಂದು ನನಗೂ ಅನಿಸಿತು.

ಅವರು ಗಲ್ಲ ಕೆರೆದುಕೊಂಡರು.

"ನಿಮ್ಮ ಪಟ್ಟಿಯಲ್ಲಿ ಹಳೆಯ ಆಟಗಾರರೂ ಇದ್ದಾರಲ್ಲ? ನಾನೂ ಆಡುತ್ತಿದ್ದೆ. ಕ್ವಾರ್ಟರ್‌ಬ್ಯಾಕ್. ನನ್ನ ಹೆಸರು ಹುಡುಕಿ."

ನಾನು ಬೇಡ ಅನ್ನುವಷ್ಟರಲ್ಲಿ ಮಂಗಳೂರಿನವರು ಹೆಸರು ಟೈಪ್ ಮಾಡಿಯಾಗಿತ್ತು. ಸಾಲು ಸಿಕ್ಕಿತು. ಕಾಲೇಜಿನಲ್ಲಿ ಮಹಾ ತಾರೆ. ದೊಡ್ಡ ತಂಡವೊಂದು ಆರಿಸಿಕೊಂಡಿತ್ತು. ಎರಡು ವರ್ಷ ಬೆಂಚಿನ ಮೇಲೆ ಕೂತಿದ್ದರು. ಒಂದು ಪಂದ್ಯವನ್ನೂ ಆಡಿರಲಿಲ್ಲ. ನಮ್ಮ ಮಾಡೆಲ್ ಅವರ ಬಗ್ಗೆ ಏನು ಹೇಳಿದೆ ಎಂಬ ಕಾಲಂ ಮಾತ್ರ ಪರದೆಯ ಬಲಕ್ಕೆ, ಕಾಣದ ಜಾಗದಲ್ಲಿತ್ತು. ಸ್ಕ್ರೋಲ್ ಮಾಡಬೇಕಿತ್ತು. ಮಂಗಳೂರಿನವರ ಕೈ ನಿಂತಿತು.

"ಮಾಡೆಲ್ ಏನು ಹೇಳುತ್ತದೆ?" ಎಂದರು ಮುಖ್ಯಸ್ಥರು.

ಹುಬ್ಬಳ್ಳಿಯವರು ಕನ್ನಡಕ್ಕೆ ಇಳಿದರು. ಕನ್ನಡವಾದ್ದರಿಂದ ಮೈಕ್ ಮುಚ್ಚುವ ಅಗತ್ಯ ಯಾರಿಗೂ ಕಾಣಲಿಲ್ಲ.

"ಸರ್, ಸಿಕ್ಕೊಂಡ್ವಿ. ಈ ಮನುಷ್ಯಾ ಮುಂದ ಬರ್ತಾನ ಅಂತ ಹೇಳಿದ್ದರ, ಮಾಡೆಲ್ ಫೇಲ್. ಬರೂದಿಲ್ಲ ಅಂತ ಹೇಳಿದ್ದರ, ಕ್ಲೈಂಟ್ ಫೇಲ್. ಹೆಂಗ ನೋಡಿದ್ರೂ ಕಡೀಕ ನಾವು ಫೇಲ್."

"ಏನಿದೆ ಅಲ್ಲಿ?" ಎಂದು ಮಂಗಳೂರಿನವರನ್ನು ಕೇಳಿದೆ.

"ಫೇಲ್ ಅಂತಲೇ ಉಂಟು ಸರ್. ನಾನು ನಿನ್ನೆ ನೋಡಿದ್ದೆ. ಇವರೇ ಅಂತ ಗೊತ್ತಿರ್ಲಿಲ್ಲ. ಎಂತ ಮಾಡುದು?"

ನಾನು ಮಿತಭಾಷಿ. ಮಾತಾಡಿದ್ದು ಒಂದೇ ವಾಕ್ಯ: "ನೆಟ್‌ವರ್ಕ್ ಪ್ರಾಬ್ಲಂ ಅಂತ ಹೇಳಿ ಮುಚ್ಚಿಬಿಡಿ."

ಪರದೆಯ ಮೇಲೆ ಮುಖ್ಯಸ್ಥರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನಿಮ್ಮ ಭಾಷೆ ನನಗೆ ಬರುವುದಿಲ್ಲ. ಆದರೆ ಅದರಲ್ಲಿ ಫೇಲ್ ಎಂದು ನಾಲ್ಕು ಸಲ, ಕ್ಲೈಂಟ್ ಎಂದು ಒಂದು ಸಲ, ನೆಟ್‌ವರ್ಕ್ ಪ್ರಾಬ್ಲಂ ಎಂದು ಒಂದು ಸಲ ಕೇಳಿಸಿತು. ನೆಟ್‌ವರ್ಕ್ ಚೆನ್ನಾಗಿದೆ. ಸ್ಕ್ರೋಲ್ ಮಾಡಿ."

ಮಂಗಳೂರಿನವರು ಶಿಲುಬೆಯ ಗುರುತು ಮಾಡಿಕೊಂಡು ಸ್ಕ್ರೋಲ್ ಮಾಡಿದರು.

ಅವರು ಓದಿದರು. ಪರದೆಗೆ ಇನ್ನಷ್ಟು ಹತ್ತಿರ ಬಂದು ಮತ್ತೊಮ್ಮೆ ಓದಿದರು. ಅಷ್ಟರಲ್ಲಿ ನಾನು ಸೂಟ್‌ಕೇಸುಗಳ ಅಳತೆಯನ್ನು ಮನಸ್ಸಿನಲ್ಲೇ ಹಾಕಿದೆ.

"ನನ್ನ ಕೋಚ್‌ಗೆ ಇದು ತಿಳಿಯಲು ಎರಡು ವರ್ಷ ಬೇಕಾಯಿತು," ಎಂದರು ಕೊನೆಗೆ. "ಅವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ನೀವು ಈ ಆಟವನ್ನು ಮೈದಾನದಲ್ಲಿ ನಿಂತು ನೋಡಿಯೇ ಇಲ್ಲ, ಅಲ್ಲವೇ?"

"ಇಲ್ಲ," ಎಂದೆ. ಆ ಹೊತ್ತಿನಲ್ಲಿ ಸುಳ್ಳು ಹೇಳಲು ಯಾವ ಭಾಷೆಯೂ ಉಳಿದಿರಲಿಲ್ಲ.

ಇನ್ನೊಂದು ವರ್ಷ ಮುಂದುವರಿಸುತ್ತೇವೆ ಎಂದರು. ಒಂದೇ ಷರತ್ತು ಹಾಕಿದರು: ಫೈಲನ್ನು ಬೇರೆ ಯಾರಿಗೂ ಕಳಿಸುವ ಮೊದಲು ಅವರ ಸಾಲನ್ನು ಅಳಿಸಬೇಕು.

ಅಳಿಸಿದೆವು. ಮೂವರ ಪಾಸೂ ರಿನ್ಯೂ ಆಯಿತು. ಮಾಡೆಲ್‌ನ ನಿಖರತೆ ಮಾತ್ರ ಆ ಒಂದು ಸಾಲಿನಷ್ಟು ಇಳಿಯಿತು.